ಮದ್ದಿನ ಜೊತೆ ಬರುವವರು: ಕಷಾಯದಿಂದ ಕ್ಯಾಪ್ಸೂಲ್‌ವರೆಗೆ

ಮಕ್ಕಳಿರುವ ಮನೆಯಲ್ಲಿ ಜ್ವರದ ಸಿರಪ್ಪಿನ ಬಾಟಲಿ ಒಂದಾದರೂ ಇರುತ್ತದೆ. ಇವತ್ತು ಮನೆಗೆ ಹೋದ ಮೇಲೆ ಅದರ ಲೇಬಲ್ ಓದಿ ನೋಡಿ. ಪ್ರತಿ 5 ಮಿಲಿಗೆ ಪ್ಯಾರಸಿಟಮಾಲ್ 250 ಮಿಲಿಗ್ರಾಂ ಎಂದಿರುತ್ತದೆ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಫ್ಲೇವರ್ಡ್ ಬೇಸ್, ಕ್ಯೂ.ಎಸ್.' ಅಂತ ಇನ್ನೊಂದು ಸಾಲು. ಕ್ಯೂ.ಎಸ್. ಎಂಬುದು ಲ್ಯಾಟಿನ್ನಿನ ಕ್ವಾಂಟಮ್ ಸಫಿಶಿಟ್, ಅಂದರೆ 'ಸಾಕಾಗುವಷ್ಟು'. ಲೆಕ್ಕ ಹಾಕಿದರೆ ಬಾಟಲಿಯಲ್ಲಿ ಮದ್ದು ಇರುವುದು ನೂರಕ್ಕೆ ಐದು ಪಾಲು. ಮಿಕ್ಕ ತೊಂಬತ್ತೈದು ಪಾಲೂ ಆ 'ಸಾಕಾಗುವಷ್ಟು'.

ವೈದ್ಯಶಾಸ್ತ್ರದ ಚರಿತ್ರೆಯನ್ನು ಎಲ್ಲರೂ ಆ ಐದು ಪಾಲಿನ ಕಥೆಯಾಗಿ ಹೇಳುತ್ತಾರೆ: ಯಾರು ಯಾವ ಬೇರು ಕಂಡುಹಿಡಿದರು, ಯಾವ ಬೂಷ್ಟಿನಿಂದ ಪೆನಿಸಿಲಿನ್ ಬಂತು ಎಂದು. ಇವತ್ತಿನ ಮಾತು ಉಳಿದ ತೊಂಬತ್ತೈದು ಪಾಲಿನದು. ಆಯುರ್ವೇದದಲ್ಲಿ ಇದಕ್ಕೆ ಅನುಪಾನ, ಯೋಗವಾಹಿ ಎಂಬ ಮಾತುಗಳಿವೆ. ಫಾರ್ಮಸಿಯವರು ಎಕ್ಸಿಪಿಯಂಟ್, ವೆಹಿಕಲ್ ಎನ್ನುತ್ತಾರೆ. ಮದ್ದು ಹೊಟ್ಟೆ ಸೇರಬೇಕಾದರೆ ಅದನ್ನು ಹೊತ್ತುಕೊಂಡು ಹೋಗುವವರು ಬೇಕು. ಆ ಹೊರುವವರ ಚರಿತ್ರೆ ಮದ್ದಿನ ಚರಿತ್ರೆಯಷ್ಟೇ ಹಳೆಯದು. ಅದರಲ್ಲಿ ಸತ್ತವರ ಸಂಖ್ಯೆಯೂ ಕಡಿಮೆಯೇನಲ್ಲ.

ಈಜಿಪ್ಟಿನ ಎಬರ್ಸ್ ಪಪೈರಸ್ ಕ್ರಿ.ಪೂ. 1550ರ ಸುಮಾರಿನದು. ಅದರ ನೂರಾರು ಮದ್ದುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಹೆಸರು ಬಿಯರ್, ಜೇನು, ಹಾಲು. ಗಿಡಮೂಲಿಕೆ ಬದಲಾಗುತ್ತದೆ, ಅದನ್ನು ಕಲಸುವ ವಸ್ತು ಬದಲಾಗುವುದಿಲ್ಲ. ಆದರೆ ಇಷ್ಟಕ್ಕೆ ಇಷ್ಟು, ಇಂಥ ಹದಕ್ಕೆ ಇಂಥ ಗುರುತು ಎಂದು ನಿಯಮ ಕಟ್ಟಿ ಕೊಟ್ಟ ಕೆಲಸ ನೋಡಬೇಕಾದರೆ ನಮ್ಮ ಆಯುರ್ವೇದ ಗ್ರಂಥ ಶಾರ್ಙ್ಗಧರ ಸಂಹಿತೆಗೆ ಬರಬೇಕು. ಅಲ್ಲಿ ಸ್ವಲ್ಪ ಹೊತ್ತು ಕೂರೋಣ.

ಕಷಾಯಕ್ಕೆ ಶಾರ್ಙ್ಗಧರನ ಅಳತೆ ಇದು. ಕುಟ್ಟಿದ ದ್ರವ್ಯ ಒಂದು ಪಲ, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು 48 ಗ್ರಾಂ. ಅದಕ್ಕೆ ಹದಿನಾರು ಪಟ್ಟು ನೀರು. ಮಣ್ಣಿನ ಪಾತ್ರೆಯಲ್ಲಿ ಹದವಾದ ಉರಿಯಲ್ಲಿ ಕಾಯಿಸಿ ಎಂಟನೇ ಒಂದು ಪಾಲಿಗೆ ಇಳಿಸಬೇಕು. ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ನೀರಿಟ್ಟರೆ ಕೊನೆಗೆ ಉಳಿಯುವುದು ನೂರು ಮಿಲಿಯ ಆಸುಪಾಸು. ಪುಡಿ ನುಣ್ಣಗಿರಬಾರದು, ತರಿತರಿಯಾಗಿರಬೇಕು. ಗಂಧದಂತೆ ನುಣ್ಣಗಾದರೆ ತಳ ಹಿಡಿದು ಸೀಯುತ್ತದೆ, ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ. ಪಾತ್ರೆಯ ಬಾಯಿ ಮುಚ್ಚಬಾರದು ಎಂಬ ಮಾತೂ ಇದೆ. ಮುಚ್ಚಿದರೆ ನೀರು ಇಂಗುವುದಿಲ್ಲ, ಎಂಟನೇ ಒಂದಕ್ಕೆ ಬರುವಷ್ಟರಲ್ಲಿ ದ್ರವ್ಯ ಬೇಕಾದ್ದಕ್ಕಿಂತ ಎಷ್ಟೋ ಹೊತ್ತು ಹೆಚ್ಚು ಬೆಂದಿರುತ್ತದೆ.

ಬಾಯಿ ತೆರೆದಿಟ್ಟರೆ ಪರಿಮಳ ಹಾರಿಹೋಗುತ್ತದಲ್ಲ ಎಂದು ಕೇಳಬಹುದು. ಹಾರಿಹೋಗುತ್ತದೆ. ಅದಕ್ಕೇ ಕೊತ್ತಂಬರಿ ಬೀಜದಂಥ ಸುಗಂಧ ದ್ರವ್ಯಗಳಿಗೆ ಬೇರೆ ದಾರಿ ಇಟ್ಟಿದ್ದಾರೆ. ಆರು ಪಾಲು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಸೋಸಿದರೆ ಹಿಮ. ನಾಲ್ಕು ಪಾಲು ಕುದಿನೀರು ಸುರಿದು ಇಳಿಸಿದರೆ ಫಾಂಟ, ಅಂದರೆ ನಾವು ಟೀ ಮಾಡುವ ಕ್ರಮ. ಹೊರುವವನು ಒಬ್ಬನೇ, ನೀರು. ಆದರೆ ಯಾವ ಮೂಲಿಕೆಗೆ ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ಬೇರೆ ಬೇರೆ.

ನೀರಿಗೆ ಎರಡು ದೌರ್ಬಲ್ಯ. ಒಂದು, ಎಣ್ಣೆ ಜಾತಿಯ ಸತ್ವ ಅದಕ್ಕೆ ಇಳಿಯುವುದಿಲ್ಲ. ಇನ್ನೊಂದು, ಕಷಾಯ ಒಂದು ದಿನ ದಾಟಿದರೆ ಹಳಸುತ್ತದೆ. ಅಂಗಡಿಯ ಬಾಟಲಿ ಕಷಾಯ ತಿಂಗಳುಗಟ್ಟಲೆ ಉಳಿಯುವುದು ಅದಕ್ಕೆ ಹಾಕಿದ ಸೋಡಿಯಂ ಬೆಂಜೊಯೇಟ್‌ನಂಥ ಸಂರಕ್ಷಕದಿಂದ.

ಮೊದಲ ದೌರ್ಬಲ್ಯಕ್ಕೆ ಉತ್ತರ ತುಪ್ಪ ಮತ್ತು ತೈಲ. ಅಳತೆ 1:4:16. ಕಲ್ಕ, ಅಂದರೆ ಅರೆದ ಮೂಲಿಕೆಯ ಮುದ್ದೆ, ಕಾಲು ಕಿಲೋ, ತುಪ್ಪ ಒಂದು ಕಿಲೋ, ಕಷಾಯವೋ ಹಾಲೋ ನಾಲ್ಕು ಲೀಟರ್. ಮೂರನ್ನೂ ಒಟ್ಟಿಗೆ ಸಣ್ಣ ಉರಿಯಲ್ಲಿ ಕಾಯಿಸುತ್ತ ಹೋಗುವುದು. ಪಾತ್ರೆಯಲ್ಲಿ ನೀರಿರುವವರೆಗೆ ಬಿಸಿ 100 ಡಿಗ್ರಿಯ ಆಚೆ ಏರುವುದಿಲ್ಲ. ನೀರು ಮುಗಿದ ಗಳಿಗೆಯಿಂದ ತುಪ್ಪದ ಬಿಸಿ ಸರಸರನೆ ಏರತೊಡಗುತ್ತದೆ, ಕೆಲವೇ ನಿಮಿಷಗಳಲ್ಲಿ ಕಲ್ಕ ಕರಿದುಹೋಗುತ್ತದೆ. ಹಾಗಾಗಿ ನೀರು ಮುಗಿಯುವ ಆ ಗಳಿಗೆ ಹಿಡಿಯುವುದೇ ಇಡೀ ಕೌಶಲ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಅದನ್ನು ಹಿಡಿದ ರೀತಿ ನೋಡಿ. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತಾಗಬೇಕು. ಒಂದು ಚೂರನ್ನು ಬೆಂಕಿಗೆ ಹಾಕಿದರೆ ಚಟಚಟ ಸದ್ದು ಬರಬಾರದು. ತೈಲವಾದರೆ ನೊರೆ ಏಳಬೇಕು, ತುಪ್ಪವಾದರೆ ನೊರೆ ಅಡಗಬೇಕು. ಚಟಚಟ ಎನ್ನುವುದು ಒಳಗುಳಿದ ನೀರು ಆವಿಯಾಗಿ ಸಿಡಿಯುವ ಸದ್ದು. ಸದ್ದು ನಿಂತಿತೆಂದರೆ ನೀರು ಹೋಯಿತು, ಇನ್ನು ತುಪ್ಪ ಬೂಷ್ಟು ಹಿಡಿಯುವುದಿಲ್ಲ. ಇವತ್ತು ಪ್ರಯೋಗಾಲಯದಲ್ಲಿ ತೇವಾಂಶ ಅಳೆಯುವ ಪರೀಕ್ಷೆಯನ್ನೇ ಅವರು ಕಿವಿಯಿಂದ ಮಾಡುತ್ತಿದ್ದರು. ಹದದಲ್ಲೂ ಮೂರು ಬಗೆ: ಮೂಗಿಗೆ ಹಾಕುವುದಕ್ಕೆ ಮೃದು, ಮೈಗೆ ಹಚ್ಚುವುದಕ್ಕೆ ಖರ, ಮಿಕ್ಕ ಬಳಕೆಗೆ ಮಧ್ಯಮ.

ಎರಡನೆಯ ದೌರ್ಬಲ್ಯಕ್ಕೆ, ಅಂದರೆ ಹಳಸುವುದಕ್ಕೆ, ಆಸವ ಮತ್ತು ಅರಿಷ್ಟ. ಅಳತೆ ಬೇರೆ ಹೇಳದ ಕಡೆ ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಅದರ ಅರ್ಧ ಜೇನು, ಹತ್ತನೇ ಒಂದು ಪಾಲು ಮೇಲೆ ಹಾಕುವ ಪುಡಿ. ಸುಮಾರು 12 ಲೀಟರಿಗೆ 4.8 ಕಿಲೋ ಬೆಲ್ಲ, 2.4 ಕಿಲೋ ಜೇನು, 480 ಗ್ರಾಂ ಪುಡಿ ಎಂದುಕೊಳ್ಳಿ. ಜೊತೆಗೆ ಧಾತಕಿ ಹೂ, ಹುದುಗು ಎಬ್ಬಿಸಲು. ಬಾಯಿ ಭದ್ರ ಮಾಡಿ ಗಾಳಿಯಾಡದ ಬೆಚ್ಚನೆ ಜಾಗದಲ್ಲಿಟ್ಟರೆ ಬೆಲ್ಲ ಮದ್ಯಸಾರವಾಗುತ್ತದೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಪಾಲು. ಹುದುಗುತ್ತಿರುವಾಗ ಜಾಡಿಯ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ ಆರಿಹೋಗುತ್ತದೆ, ಒಳಗಿಂದ ಇಂಗಾಲದ ಡೈಆಕ್ಸೈಡ್ ಏಳುತ್ತಿರುತ್ತದೆ. ಕಡ್ಡಿ ಆರದೆ ಉರಿದರೆ ಹುದುಗು ಮುಗಿದಿದೆ. ಗಾಳಿ ನುಸುಳಿದರೆ ಹುಳಿಯಾಗಿ ವಿನೆಗರ್ ದಾರಿ ಹಿಡಿಯುತ್ತದೆ. ಸಿಹಿ ವಿಪರೀತವಾದರೆ ಯೀಸ್ಟ್ ಉಸಿರೇ ಎತ್ತುವುದಿಲ್ಲ. ಈ ಮದ್ಯಸಾರ ಎರಡು ಕೆಲಸ ಮಾಡುತ್ತದೆ: ನೀರಿಗೆ ಬಗ್ಗದ ಸತ್ವವನ್ನು ಎಳೆಯುತ್ತದೆ, ಬಾಟಲಿಯನ್ನು ಕೆಡದಂತೆ ಕಾಯುತ್ತದೆ.

ಕರ್ನಾಟಕದ್ದೇ ಆದ ಒಂದು ಕುತೂಹಲದ ಪ್ರಸಂಗ ಇಲ್ಲಿ ಬರುತ್ತದೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಉಗ್ರಾದಿತ್ಯ ಎಂಬ ಜೈನ ಆಚಾರ್ಯ ಕಲ್ಯಾಣಕಾರಕ ಎಂಬ ವೈದ್ಯಗ್ರಂಥ ಬರೆದ. ಭಾಷೆ ಸಂಸ್ಕೃತ. ಮಾಂಸದಿಂದ ಆಗುವ ಕೇಡಿನ ಬಗ್ಗೆ ನೃಪತುಂಗನ ಸಭೆಯಲ್ಲಿ ಮಂಡಿಸಿದ ವಾದವೂ ಅದರ ಜೊತೆಗಿದೆ. ಅವನ ವೈದ್ಯದಲ್ಲಿ ಮೂರು ವಸ್ತುಗಳಿಗೆ ಪ್ರವೇಶವಿಲ್ಲ: ಮದ್ಯ, ಮಾಂಸ, ಮಧು. ಇದನ್ನು ಸಾಮಾನ್ಯವಾಗಿ ಧರ್ಮದ ವಿಷಯವಾಗಿ ಓದುತ್ತಾರೆ. ಮದ್ದು ಮಾಡುವವನ ಕಣ್ಣಿನಿಂದ ಓದಿ ನೋಡಿ. ಅವನು ಬಿಟ್ಟ ಮೂರರಲ್ಲಿ ಎರಡು, ಅಂದಿನ ವೈದ್ಯರ ಕೈಯಲ್ಲಿದ್ದ ಬಹು ಮುಖ್ಯ ವಾಹಕಗಳು. ಜೇನು ಹೋದರೆ ಚೂರ್ಣ ಕಲಸುವ ಯೋಗವಾಹಿ ಹೋಯಿತು. ಮದ್ಯ ಹೋದರೆ ವರ್ಷಗಟ್ಟಲೆ ಕೆಡದ ದ್ರವ ಹೋಯಿತು. ರೋಗಿಯ ನಂಬಿಕೆ ಒಪ್ಪದ ವಾಹಕದಲ್ಲಿ ಮದ್ದಿಟ್ಟರೆ ಆ ಮದ್ದು ಇದ್ದೂ ಇಲ್ಲದಂತೆ ಎಂಬುದನ್ನು ಗಂಭೀರವಾಗಿ ತೆಗೆದುಕೊಂಡ ಗ್ರಂಥ ಅದು.

ಇದೇ ಪ್ರಶ್ನೆ ಈಗಲೂ ಔಷಧ ಕಾರ್ಖಾನೆಗಳಲ್ಲಿ ಜೀವಂತವಾಗಿದೆ. ಕ್ಯಾಪ್ಸೂಲಿನ ಜೆಲಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ಬರುತ್ತದೆ. ಬೇಡ ಎನ್ನುವವರಿಗೆ ಸಸ್ಯನಾರಿನಿಂದ ಮಾಡುವ ಎಚ್‌ಪಿಎಂಸಿ ಚಿಪ್ಪು ಇದೆ. ಒಂದರ ಬದಲು ಇನ್ನೊಂದು ಹಾಕಿದರಾಯಿತು ಎನ್ನುವಂತಿಲ್ಲ. ಜೆಲಟಿನ್ ಚಿಪ್ಪಿನಲ್ಲಿ ನೂರಕ್ಕೆ 13ರಿಂದ 16 ಪಾಲು ನೀರಿರಬೇಕು, ಹತ್ತಕ್ಕಿಂತ ಇಳಿದರೆ ಚಿಪ್ಪು ಪಟ್ಟನೆ ಒಡೆಯುತ್ತದೆ. ಒಳಗಿನ ಪುಡಿ ಆ ನೀರನ್ನು ಹೀರುವ ಜಾತಿಯದಾದರೆ ಮದ್ದೂ ಕೆಡುತ್ತದೆ, ಚಿಪ್ಪೂ ಒಡೆಯುತ್ತದೆ. ಎಚ್‌ಪಿಎಂಸಿಗೆ ಇದರ ಅರ್ಧದಷ್ಟು ತೇವವೂ ಬೇಡ. ಹಾಗಾಗಿ ತೇವ ಕಂಡರಾಗದ ಮದ್ದುಗಳಿಗೆ ನಂಬಿಕೆಯ ಕಾರಣವಿಲ್ಲದೆಯೂ ಅದನ್ನೇ ಆರಿಸುತ್ತಾರೆ.

ಅರಬರು ಈ ಕಥೆಗೆ ತಂದದ್ದು ಸಕ್ಕರೆ. ಸಂಸ್ಕೃತದ ಶರ್ಕರಾ ಪರ್ಷಿಯಾ ದಾಟಿ ಅರಬ್ಬಿಯಲ್ಲಿ ಸುಕ್ಕರ್ ಆಯಿತು. ಅವರ ಔಷಧದಂಗಡಿಗಳಲ್ಲಿ ಜೇನಿನ ಜಾಗಕ್ಕೆ ಅದು ಬಂತು. ಕುಡಿಯುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದಲೇ ಯುರೋಪಿನ ಸಿರಪ್, ನಮ್ಮ ಶರಬತ್ತು ಎರಡೂ ಹುಟ್ಟಿದವು. ಅಂಗಡಿ ಅಂದ ಮೇಲೆ ಕಲಬೆರಕೆ ಇದ್ದದ್ದೇ. ಅದನ್ನು ಹಿಡಿಯಲು ಮುಹ್ತಸಿಬ್ ಎಂಬ ಮಾರುಕಟ್ಟೆ ಅಧಿಕಾರಿ ಸಿರಪ್ಪು ಮಾಡುವವರ ಬಾಗಿಲಿಗೂ ಬರುತ್ತಿದ್ದ.

ಸಕ್ಕರೆಪಾಕದ ಗುಟ್ಟು ಅದರ ದಟ್ಟಣೆ. ಫಾರ್ಮಾಕೊಪಿಯಾ, ಅಂದರೆ ಮದ್ದುಗಳ ಅಧಿಕೃತ ನಿಯಮಗ್ರಂಥ, ಹೇಳುವ ಸಾದಾ ಸಿರಪ್ಪಿನಲ್ಲಿ ತೂಕದ ನೂರಕ್ಕೆ 66.7 ಪಾಲು ಸಕ್ಕರೆ. ಇಷ್ಟು ದಟ್ಟವಾದರೆ ಬೂಷ್ಟಿನ ಕಣದೊಳಗಿನ ನೀರನ್ನೇ ಪಾಕ ಎಳೆದುಕೊಂಡುಬಿಡುತ್ತದೆ, ಏನೂ ಬೆಳೆಯುವುದಿಲ್ಲ. ಆದರೆ ಕೋಣೆಯ ಬಿಸಿಯಲ್ಲಿ ನೀರು ಹಿಡಿಯಬಲ್ಲ ಸಕ್ಕರೆಯ ಮಿತಿಯೂ ಸರಿಸುಮಾರು ಅಷ್ಟೇ. ಸ್ವಲ್ಪ ಮೇಲಾದರೆ ಮುಚ್ಚಳದ ಸುತ್ತ ಹರಳುಗಟ್ಟಿ ತಿರುಗಿಸಲು ಬರುವುದಿಲ್ಲ, ಕೆಳಗಾದರೆ ಹುದುಗಿ ಮುಚ್ಚಳ ಹಾರುತ್ತದೆ. ಬಿಸಿ ಪಾಕ ತುಂಬಿ ಕೂಡಲೇ ಮುಚ್ಚಿದರೂ ತೊಂದರೆ. ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಬೀಳುತ್ತದೆ, ಪಾಕದ ಮೇಲ್ಪದರ ಅಷ್ಟು ಮಟ್ಟಿಗೆ ತೆಳುವಾಗಿ ಬೂಷ್ಟು ಅಲ್ಲೇ ಶುರುವಾಗುತ್ತದೆ.

ಯುರೋಪಿನ ಮಧ್ಯಯುಗದ ಥೀರಿಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರೋ ಚಕ್ರವರ್ತಿಯ ವೈದ್ಯ ಆಂಡ್ರೋಮ್ಯಾಕಸ್ ಹೆಸರಿನ 64 ವಸ್ತುಗಳ ಲೇಹ ಅದು, ಹಾವಿನ ಮಾಂಸವೂ ಅಫೀಮೂ ಸೇರಿದ್ದು. ವೆನಿಸ್ಸಿನಲ್ಲಿ ಜನರ ಮುಂದೆ ಬಹಿರಂಗವಾಗಿ ಕುಟ್ಟಿ ಕಲಸುತ್ತಿದ್ದರು. 1745ರಲ್ಲಿ ವಿಲಿಯಂ ಹೆಬರ್ಡನ್ ಎಂಬ ಇಂಗ್ಲಿಷ್ ವೈದ್ಯ ಅದನ್ನು ಚಿಂದಿ ಮಾಡಿ ಬರೆದ. ಈಗ ಉಳಿದಿರುವುದು ಹೆಸರು ಮಾತ್ರ: ಇಂಗ್ಲಿಷರು ಕಾಕಂಬಿಗೆ ಟ್ರೀಕಲ್ ಎನ್ನುತ್ತಾರಲ್ಲ, ಅದು ಥೀರಿಯಾಕ್‌ನ ಅಪಭ್ರಂಶ. ಮದ್ದು ಹೋಗಿ ವಾಹಕದ ಹೆಸರಾಗಿ ಉಳಿಯಿತು!

ವೈನು ಮತ್ತು ಮದ್ಯಸಾರದ್ದು ಇದಕ್ಕಿಂತ ದೊಡ್ಡ ಕಥೆ. 17ನೇ ಶತಮಾನದಲ್ಲಿ ರಾಬರ್ಟ್ ಟಾಲ್ಬರ್ ಎಂಬಾತ ಮಲೇರಿಯಾ ಜ್ವರಕ್ಕೆ ಗುಪ್ತ ಮದ್ದು ಕೊಟ್ಟು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ನನ್ನೂ ಫ್ರಾನ್ಸಿನ ರಾಜಕುಮಾರನನ್ನೂ ಗುಣಪಡಿಸಿದ. ಜೆಸುಯಿಟ್ ಪಾದ್ರಿಗಳು ಹಂಚುತ್ತಿದ್ದ ಸಿಂಕೋನಾ ತೊಗಟೆಯ ಪುಡಿ ಅಪಾಯ, ಹತ್ತಿರ ಹೋಗಬೇಡಿ ಎಂದು ಸಾರುತ್ತಲೂ ಇದ್ದ. ತಾನು ಸಾಯುವವರೆಗೆ ಬಯಲು ಮಾಡಬಾರದೆಂಬ ಷರತ್ತಿನ ಮೇಲೆ ಹದಿನಾಲ್ಕನೆಯ ಲೂಯಿಗೆ ಗುಟ್ಟು ಮಾರಿದ. 1682ರಲ್ಲಿ ಅಚ್ಚಾದಾಗ ನೋಡಿದರೆ ಅದೇ ಸಿಂಕೋನಾ ತೊಗಟೆ, ವೈನಿನಲ್ಲಿ ಇಳಿಸಿದ್ದು. ಮೋಸಗಾರ ಎನ್ನುವವರಿದ್ದಾರೆ. ನನಗನಿಸುವಂತೆ ಅವನು ಒಳ್ಳೆಯ ಫಾರ್ಮಸಿಸ್ಟ್. ತೊಗಟೆಯ ಸತ್ವವಾದ ಕ್ವಿನೈನ್ ಬರೀ ನೀರಿಗೆ ಸರಿಯಾಗಿ ಬಿಡುವುದಿಲ್ಲ. ವೈನಿನಲ್ಲಿ ಹುಳಿಯೂ ಇದೆ, ಮದ್ಯಸಾರವೂ ಇದೆ, ಎರಡೂ ಅದನ್ನು ಕರಗಿಸುತ್ತವೆ.

1820ರಲ್ಲಿ ಪ್ಯಾರಿಸಿನ ಪೆಲ್ಟಿಯೇ ಮತ್ತು ಕಾವಂಟೂ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ ಮೇಲೆ ಚಮಚಗಟ್ಟಲೆ ತೊಗಟೆಪುಡಿ ನುಂಗುವ ಕಷ್ಟ ತಪ್ಪಿತು. 1892ರಿಂದ ಬಂಗಾಳದ ಅಂಚೆ ಕಚೇರಿಗಳಲ್ಲಿ ಒಂದು ಪೈಸೆಗೆ ಒಂದು ಪೊಟ್ಟಣ ಕ್ವಿನೈನ್ ಸಿಗುತ್ತಿತ್ತು. ಅಲ್ಲಿ ವಾಹಕ ಬರೀ ಕಾಗದ. ಅಳತೆ ಮಾಡಿ ಕಟ್ಟಿದ ಪೊಟ್ಟಣವೂ ಒಂದು ಆವಿಷ್ಕಾರವೇ, ಅದನ್ನು ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೆ.

ಮದ್ಯಸಾರದ ದ್ರಾವಣಕ್ಕೆ ಟಿಂಕ್ಚರ್ ಎಂದು ಹೆಸರು. ಈ ಹೆಸರು ತಂದಿಟ್ಟ ಒಂದು ಅನಾಹುತವನ್ನು ಫಾರ್ಮಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕು. ಅಫೀಮಿನ ಟಿಂಕ್ಚರ್‌ನಲ್ಲಿ ಪ್ರತಿ ಮಿಲಿಗೆ 10 ಮಿಲಿಗ್ರಾಂ ಮಾರ್ಫಿನ್. ಕರ್ಪೂರ ಬೆರೆಸಿದ ಅಫೀಮಿನ ಟಿಂಕ್ಚರ್, ಅಂದರೆ ಪ್ಯಾರೆಗೋರಿಕ್‌ನಲ್ಲಿ 0.4 ಮಿಲಿಗ್ರಾಂ. ಹೆಸರಿನಲ್ಲಿ ಒಂದು ವಿಶೇಷಣದ ವ್ಯತ್ಯಾಸ, ಬಲದಲ್ಲಿ ಇಪ್ಪತ್ತೈದು ಪಟ್ಟು. ಒಂದರ ಬದಲು ಇನ್ನೊಂದನ್ನು ಚಮಚದ ಲೆಕ್ಕದಲ್ಲಿ ಕೊಟ್ಟರೆ ಮಗು ನಿದ್ದೆಯಿಂದ ಏಳುವುದಿಲ್ಲ. ಇದೇ ಜಾತಿಯ ತಪ್ಪು ನಮ್ಮ ಮನೆಗಳಲ್ಲೂ ಕಾದಿದೆ: ಶಿಶುಗಳ ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದು ಮಿಲಿಗೆ 100 ಮಿಲಿಗ್ರಾಂ, 5 ಮಿಲಿಗೆ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಒಂದು ಮಿಲಿಗೆ 25. ಡ್ರಾಪ್ಸ್ ಬಾಟಲಿಯಿಂದ ಒಂದು ಚಮಚ ಸುರಿದರೆ ನಾಲ್ಕು ಡೋಸ್ ಹೋಯಿತು.

ಇನ್ನು ಗಟ್ಟಿ ರೂಪ. ಗುಳಿಗೆ ಉರುಳಿಸುವುದು ಹಳೆಯ ವಿದ್ಯೆ. ಪುಡಿಯನ್ನು ಅಂಟಿನೊಡನೆ ಕಲಸಿ, ಹುರಿ ಮಾಡಿ, ಕತ್ತರಿಸಿ, ಅಂಗೈಯಲ್ಲಿ ಉರುಟು ಮಾಡುವುದು. ದೋಷವೆಂದರೆ ಒಣಗಿ ಕಲ್ಲಾಗುತ್ತದೆ, ಹೇಗೆ ನುಂಗಿದರೋ ಹಾಗೇ ಹೊರಬೀಳುತ್ತದೆ. 1885ರಲ್ಲಿ ಅಮೆರಿಕದ ಅಪ್‌ಜಾನ್ ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುವ ಗುಳಿಗೆಗೆ ಪೇಟೆಂಟ್ ಪಡೆದ. ಆ ಹೊತ್ತಿಗೆ ಮಾತ್ರೆ ಹುಟ್ಟಿ ನಲವತ್ತು ವರ್ಷವಾಗಿತ್ತು. ಅದನ್ನು ಹುಟ್ಟಿಸಿದವನು ವೈದ್ಯನಲ್ಲ, ವಿಲಿಯಂ ಬ್ರೋಕೆಡನ್ ಎಂಬ ಚಿತ್ರಕಾರ. ಒಳ್ಳೆಯ ಪೆನ್ಸಿಲ್ ಸೀಸ ಸಿಗದೆ, ಗ್ರಾಫೈಟ್ ಪುಡಿಯನ್ನು ಅಂಟಿಲ್ಲದೆ ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡುವ ಉಪಾಯ ಹುಡುಕಿದ. 1843ರ ಅವನ ಪೇಟೆಂಟಿನಲ್ಲಿ ಗುಳಿಗೆಯೂ ಪೆನ್ಸಿಲ್ ಸೀಸವೂ ಒಟ್ಟಿಗೇ ಇವೆ. ಬರೋಸ್ ವೆಲ್ಕಮ್ ಕಂಪನಿ 1884ರಲ್ಲಿ ಒತ್ತಿದ ಮಾತ್ರೆಗೆ 'ಟ್ಯಾಬ್ಲಾಯ್ಡ್' ಎಂದು ಟ್ರೇಡ್‌ಮಾರ್ಕ್ ಪಡೆಯಿತು. ಚಿಕ್ಕದಾಗಿ ಒತ್ತಿ ಕೊಡುವ ಪತ್ರಿಕೆಗಳಿಗೆ ಆ ಹೆಸರು ಆಮೇಲೆ ಅಂಟಿಕೊಂಡಿತು.

ಮಾತ್ರೆ ಒತ್ತುವುದು ಸುಲಭವಾಗಿ ಕಾಣುತ್ತದೆ. ಪ್ಯಾರಸಿಟಮಾಲ್ ಹರಳನ್ನು ನೇರ ಒತ್ತಿ ನೋಡಿ, ಅಚ್ಚಿನಿಂದ ಹೊರಬರುವಾಗ ಮೇಲಿನ ಟೋಪಿ ಕಳಚಿ ಬೀಳುತ್ತದೆ. ಕಾರ್ಖಾನೆಯವರು ಕ್ಯಾಪಿಂಗ್ ಎನ್ನುವುದು ಇದಕ್ಕೇ. ಹರಳು ಸ್ಪ್ರಿಂಗಿನಂತೆ ಮರಳಿ ಹಿಗ್ಗುತ್ತದೆ, ನಡುವೆ ಸಿಕ್ಕ ಗಾಳಿಯೂ ಹಿಗ್ಗುತ್ತದೆ. ಅದಕ್ಕೆ ಮದ್ದಿನ ಪುಡಿಗೆ ಪಿಷ್ಟದ ಗಂಜಿ ಹಾಕಿ ಕಲಸಿ, ಜರಡಿಯಲ್ಲಿ ಒತ್ತಿ ರವೆ ಮಾಡಿ ಒಣಗಿಸುತ್ತಾರೆ. ಉಪ್ಪಿಟ್ಟಿನ ರವೆಯಂತೆ ಉದುರಬೇಕು, ಆದರೆ ಪೂರ್ತಿ ಒಣಗಬಾರದು. ನೂರಕ್ಕೆ ಒಂದೆರಡು ಪಾಲು ತೇವ ಉಳಿಯದಿದ್ದರೆ ಮತ್ತೆ ಟೋಪಿ ಬೀಳುತ್ತದೆ, ಹೆಚ್ಚು ಉಳಿದರೆ ಅಚ್ಚಿಗೆ ಅಂಟುತ್ತದೆ. ಮಾತ್ರೆ ಹೊಟ್ಟೆಯಲ್ಲಿ ಒಡೆಯಲು ಒಣ ಪಿಷ್ಟ, ಕೊನೆಯಲ್ಲಿ ಅಚ್ಚಿನಿಂದ ಜಾರಲು ಮೆಗ್ನೀಸಿಯಂ ಸ್ಟಿಯರೇಟ್, ನೂರಕ್ಕೆ ಕಾಲರಿಂದ ಒಂದು ಪಾಲು, ಕೆಲವೇ ನಿಮಿಷ ಬೆರೆಸುವುದು. ಅದು ಮೇಣದಂಥ ವಸ್ತು. ಅರ್ಧ ಗಂಟೆ ಬೆರೆಸಿದರೆ ಪ್ರತಿ ರವೆಗೂ ಮೇಣದ ಕೋಟು ಬಿದ್ದು ಮಾತ್ರೆ ಮೆತ್ತಗಾಗುತ್ತದೆ, ಹೊಟ್ಟೆಯಲ್ಲಿ ನೀರು ಒಳಗಿಳಿಯುವುದಿಲ್ಲ. ಮದ್ದು ಅಷ್ಟೇ ಇದೆ, ಕೆಲಸ ಮಾಡುವುದಿಲ್ಲ.

ಕ್ಯಾಪ್ಸೂಲ್ ಹುಟ್ಟಿದ್ದು ರುಚಿ ಮುಚ್ಚಲು. ಗೊನೊರಿಯಾಕ್ಕೆ ಕೊಡುತ್ತಿದ್ದ ಕೊಪೈಬಾ ಎಣ್ಣೆ ನುಂಗಲಾರದಷ್ಟು ಅಸಹ್ಯವಾಗಿತ್ತು. 1834ರಲ್ಲಿ ಪ್ಯಾರಿಸಿನ ಮೋಥ್ ಮತ್ತು ದ್ಯೂಬ್ಲಾಂಕ್ ಅದಕ್ಕೆ ಜೆಲಟಿನ್ ಚೀಲಕ್ಕೆ ಪೇಟೆಂಟ್ ಪಡೆದರು. ಆಮೇಲೆ ಅದೇ ರೋಗಕ್ಕೆ ಅದೇ ಚೀಲದಲ್ಲಿ ಬಂದದ್ದು ಶ್ರೀಗಂಧದ ಎಣ್ಣೆ. ಬ್ರಿಟಿಷ್ ಫಾರ್ಮಾಕೊಪಿಯಾದಲ್ಲಿ ಅದಕ್ಕೆ ಜಾಗವಿತ್ತು, ಅದರ ಮುಖ್ಯ ಸತ್ವವಾದ ಸಾಂಟಲಾಲ್ ನೂರಕ್ಕೆ 90 ಪಾಲಿಗೆ ಕಡಿಮೆ ಇರಬಾರದೆಂಬ ನಿಯಮವಿತ್ತು. ಮೈಸೂರಿನ ಗಂಧದ ಕೊರಡು ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿತು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ತಜ್ಞರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಸಂಸ್ಥಾನ ತಾನೇ ಭಟ್ಟಿ ಇಳಿಸತೊಡಗಿತು. ಮೈಸೂರು ಸ್ಯಾಂಡಲ್ ಸೋಪಿನ ಹಿಂದಿರುವ ಎಣ್ಣೆಗೆ ಒಂದು ಕಾಲದಲ್ಲಿ ಔಷಧದಂಗಡಿಯೂ ಗಿರಾಕಿ. ಸಲ್ಫಾ, ಪೆನಿಸಿಲಿನ್ ಬಂದ ಮೇಲೆ ಆ ಗಿರಾಕಿ ಹೋದ.

ಗ್ಲಿಸರಿನ್‌ಗೂ ಹೀಗೇ ಒಳ್ಳೆಯ ಹೆಸರಿತ್ತು. ಸಿಡುಬಿನ ಲಸಿಕೆ ಭಾರತಕ್ಕೆ ಬಂದಾಗ ಅದರ ವಾಹಕ ಮನುಷ್ಯರ ತೋಳು. ಒಬ್ಬರ ಗುಳ್ಳೆಯ ರಸದಿಂದ ಇನ್ನೊಬ್ಬರಿಗೆ, ಸರಪಳಿಯಂತೆ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್‌ಗೆ ಹಾಕಿದ್ದೂ ಹಾಗೆಯೇ ಬಂದ ಲಸಿಕೆ. ತೋಳಿನಿಂದ ತೋಳಿಗೆ ಲಸಿಕೆಯ ಜೊತೆ ಸಿಫಿಲಿಸ್ ಕೂಡ ದಾಟಬಹುದಿತ್ತು. ಕರುವಿನ ಮೈಮೇಲೆ ಬೆಳೆಸಿ ಗ್ಲಿಸರಿನ್‌ನಲ್ಲಿ ಅರೆದಿಟ್ಟಾಗ ಆ ಭಯ ತಪ್ಪಿತು. ಗ್ಲಿಸರಿನ್ ಕೆಲವು ವಾರಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಂದು ಲಸಿಕೆಯ ವೈರಸ್ಸನ್ನು ಉಳಿಸುತ್ತಿತ್ತು. ಬೆಳಗಾವಿಯವರು ಈಗ ಮೈದಾನವೆಂದೇ ಅರಿತಿರುವ ವ್ಯಾಕ್ಸಿನ್ ಡಿಪೋದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಬಿಸಿಲಿನ ನಾಡಿನಲ್ಲಿ ಗ್ಲಿಸರಿನ್ ಲಸಿಕೆ ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. 1950ರ ದಶಕದಲ್ಲಿ ಲೆಸ್ಲಿ ಕಾಲಿಯರ್ ಪೆಪ್ಟೋನ್ ಎಂಬ ಪ್ರೋಟೀನ್ ಪುಡಿ ಬೆರೆಸಿ ಹೆಪ್ಪುಗಟ್ಟಿಸಿ ಒಣಗಿಸುವ ಕ್ರಮ ಕಂಡುಹಿಡಿದ ಮೇಲೆ ಅದು ಬಿಸಿಲಲ್ಲೂ ತಿಂಗಳುಗಟ್ಟಲೆ ಉಳಿಯಿತು. ಸಿಡುಬು ಹೋದದ್ದು ಆ ಒಣಪುಡಿಯಿಂದ.

ಗ್ಲಿಸರಿನ್‌ನ ಹಾಗೇ ಕಾಣುವ ಇನ್ನೊಂದು ದ್ರವವಿದೆ. ಬಣ್ಣವಿಲ್ಲ, ಮಂದ, ಸಿಹಿ, ಬೆಲೆ ಕಡಿಮೆ. ಹೆಸರು ಡೈಎಥಿಲೀನ್ ಗ್ಲೈಕಾಲ್. ಕೈಗಾರಿಕೆಯ ದ್ರಾವಕ. 1937ರಲ್ಲಿ ಅಮೆರಿಕದ ಟೆನೆಸಿಯ ಒಂದು ಕಂಪನಿಗೆ ಸಲ್ಫನಿಲಮೈಡ್ ಎಂಬ ಹೊಸ ಮದ್ದನ್ನು ದ್ರವರೂಪದಲ್ಲಿ ಮಾರಬೇಕಿತ್ತು. ಅದು ನೀರಿಗೂ ಮದ್ಯಸಾರಕ್ಕೂ ಸಾಕಷ್ಟು ಕರಗುವುದಿಲ್ಲ. ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಚೆನ್ನಾಗಿ ಕರಗಿತು. ರಾಸ್‌ಬೆರಿ ವಾಸನೆ ಹಾಕಿ 'ಎಲಿಕ್ಸಿರ್' ಎಂದು ಹೆಸರಿಟ್ಟರು, ರುಚಿ, ಬಣ್ಣ, ಪರಿಮಳ ಪರೀಕ್ಷಿಸಿದರು. ವಿಷವೇ ಎಂದು ಪರೀಕ್ಷಿಸಲಿಲ್ಲ, ಕಾನೂನು ಅದನ್ನು ಕೇಳುತ್ತಲೂ ಇರಲಿಲ್ಲ. 240 ಗ್ಯಾಲನ್ ತಯಾರಾಯಿತು. ಅಧಿಕಾರಿಗಳು ಊರೂರು ಅಲೆದು 234 ಗ್ಯಾಲನ್ ಮತ್ತು ಒಂದು ಪೈಂಟ್ ಹಿಂದಕ್ಕೆ ಪಡೆದರು. ಬಳಕೆಯಾದ ಆರು ಗ್ಯಾಲನ್ನಿಗೂ ಕಡಿಮೆ ದ್ರವದಿಂದ 105 ಮಂದಿ ಸತ್ತರು, ಅವರಲ್ಲಿ 34 ಮಕ್ಕಳು. ಮೊದಲು ವಾಂತಿ, ಆಮೇಲೆ ಮೂತ್ರ ನಿಲ್ಲುವುದು. ದೇಹದಲ್ಲಿ ಅದು ಡೈಗ್ಲೈಕಾಲಿಕ್ ಆಮ್ಲವಾಗಿ ಮೂತ್ರಪಿಂಡದ ನಾಳಗಳನ್ನು ಕೊಲ್ಲುತ್ತದೆ. ಕಂಪನಿಯ ಮೇಲೆ ಹೊರಿಸಲು ಸಾಧ್ಯವಾದ ಆರೋಪ ಯಾವುದು ಗೊತ್ತೇ? 'ಎಲಿಕ್ಸಿರ್' ಎಂದರೆ ಮದ್ಯಸಾರ ಇರಬೇಕು, ಇದರಲ್ಲಿ ಇಲ್ಲ, ಆದ್ದರಿಂದ ಲೇಬಲ್ ತಪ್ಪು ಎಂಬುದು! ಮರುವರ್ಷ, 1938ರಲ್ಲಿ, ಮಾರುವ ಮುಂಚೆ ಸುರಕ್ಷತೆ ತೋರಿಸಬೇಕೆಂಬ ಕಾನೂನು ಬಂತು.

ನಮ್ಮಲ್ಲಿ ಚೋಪ್ರಾ ಸಮಿತಿ 1931ರಲ್ಲೇ ಕಲಬೆರಕೆಯ ಬಗ್ಗೆ ವರದಿ ಕೊಟ್ಟಿತ್ತು, ಔಷಧ ಕಾಯ್ದೆ 1940ರಲ್ಲಿ ಬಂತು. ಆದರೂ 1986ರಲ್ಲಿ ಮುಂಬಯಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗ್ಲಿಸರಿನ್ ಕೊಟ್ಟ 14 ರೋಗಿಗಳು ಸತ್ತರು. ಅದರಲ್ಲಿ ಇದ್ದದ್ದು ಇದೇ ಡೈಎಥಿಲೀನ್ ಗ್ಲೈಕಾಲ್. 2022ರಲ್ಲಿ ಗ್ಯಾಂಬಿಯಾದಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಮಕ್ಕಳ ಸಾವಿನಲ್ಲೂ ಇದೇ ಹೆಸರು ಕೇಳಿಬಂತು. ಯಾಕೆ ಮರುಕಳಿಸುತ್ತದೆ? ಪ್ಯಾರಸಿಟಮಾಲ್ ಒಂದು ಮಿಲಿ ನೀರಿನಲ್ಲಿ ಹೆಚ್ಚೆಂದರೆ 14 ಮಿಲಿಗ್ರಾಂ ಕರಗುತ್ತದೆ. ಸಿರಪ್ಪಿಗೆ ಬೇಕಿರುವುದು 25 ಇಲ್ಲವೇ 50. ಆ ಅಂತರ ತುಂಬಲು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸಾರ್ಬಿಟಾಲ್ ಡ್ರಮ್ಮುಗಟ್ಟಲೆ ಬೇಕು. ಡ್ರಮ್ಮು ಹಲವು ದಲ್ಲಾಳಿಗಳ ಕೈ ದಾಟಿ ಬರುತ್ತದೆ, ಲೇಬಲ್ಲೂ ಪ್ರಮಾಣಪತ್ರವೂ ದಾರಿಯಲ್ಲಿ ಬದಲಾಗಬಹುದು. ಸಾಂದ್ರತೆಯಲ್ಲಿ ವ್ಯತ್ಯಾಸವಿದೆ, ಗ್ಲಿಸರಿನ್ 1.26, ಇದು 1.12. ಸ್ವಲ್ಪ ಬೆರೆಸಿದರೆ ಮಾಮೂಲಿ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಗ್ಯಾಸ್ ಕ್ರೊಮಟೊಗ್ರಫಿಯಲ್ಲಿ ನೋಡಿದರೆ ಸಿಗುತ್ತದೆ, ಮಿತಿ ನೂರಕ್ಕೆ 0.10 ಪಾಲು. ನೋಡಬೇಕಾದ್ದು ಪ್ರತಿ ಡ್ರಮ್ಮನ್ನೂ. ಒಂದು ಡ್ರಮ್ಮಿನ ಮಾದರಿ ತೆಗೆದು ಇಪ್ಪತ್ತಕ್ಕೂ ಒಪ್ಪಿಗೆ ಒತ್ತುವುದೇ ಸಾವಿನ ದಾರಿ. ಮದ್ದನ್ನು ಮಾತ್ರ ಪರೀಕ್ಷಿಸಿ ತೊಂಬತ್ತೈದು ಪಾಲನ್ನು 'ಬೇಸ್' ಎಂದು ಬಿಟ್ಟುಬಿಡುವ ಅಭ್ಯಾಸ ಇರುವವರೆಗೆ ಇದು ನಿಲ್ಲುತ್ತದೆ ಎಂದು ನನಗೆ ಅನಿಸುವುದಿಲ್ಲ.

ವಿಷವೇ ಇಲ್ಲದ ವಾಹಕವೂ ಆಟ ಕೆಡಿಸಬಹುದು. 1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಮೂರ್ಛೆರೋಗಕ್ಕೆ ಫೆನಿಟಾಯಿನ್ ನುಂಗುತ್ತಿದ್ದವರು ತೂರಾಡತೊಡಗಿದರು. ಡೋಸ್ ಬದಲಾಗಿರಲಿಲ್ಲ. ಕ್ಯಾಪ್ಸೂಲಿನ ಭರ್ತಿಪುಡಿ ಬದಲಾಗಿತ್ತು: ಕ್ಯಾಲ್ಸಿಯಂ ಸಲ್ಫೇಟ್ ಹೋಗಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಬಂದಿತ್ತು. ಹಳೆಯ ಪುಡಿ ಮದ್ದಿನ ಒಂದು ಪಾಲನ್ನು ಕರುಳಿನಲ್ಲೇ ಹಿಡಿದಿಡುತ್ತಿತ್ತು, ಹೊಸದು ಬಿಟ್ಟುಕೊಟ್ಟಿತು. 1971ರಲ್ಲಿ ಹೃದಯದ ಮದ್ದಾದ ಡಿಗಾಕ್ಸಿನ್ ಮಾತ್ರೆಗಳನ್ನು ಹೋಲಿಸಿದಾಗ, ಅಷ್ಟೇ ಮಿಲಿಗ್ರಾಂ ಇದ್ದ ಮಾತ್ರೆಗಳಿಂದ ರಕ್ತ ಸೇರಿದ ಪ್ರಮಾಣದಲ್ಲಿ ಏಳು ಪಟ್ಟಿನವರೆಗೆ ವ್ಯತ್ಯಾಸ ಕಂಡಿತು. ಮಾತ್ರೆ ಒಡೆಯಿತೇ ಎಂದು ನೋಡಿದರೆ ಸಾಲದು, ಮದ್ದು ಕರಗಿತೇ ಎಂದು ನೋಡಬೇಕು ಎಂಬುದು ಖಚಿತವಾಯಿತು. 37 ಡಿಗ್ರಿಯಲ್ಲಿ 900 ಮಿಲಿ ದ್ರವ, ನಿಧಾನ ತಿರುಗುವ ಹುಟ್ಟು, ಗೊತ್ತಾದ ನಿಮಿಷಕ್ಕೆ ಎಷ್ಟು ಕರಗಿದೆ ಎಂಬ ಅಳತೆ: ಈಗ ಮಾತ್ರೆ ಮಾಡುವ ಕಡೆಯೆಲ್ಲ ಡಿಸಲ್ಯೂಷನ್ ಯಂತ್ರ ಈ ಕೆಲಸ ಮಾಡುತ್ತದೆ.

ಕೊನೆಗೆ, ವಾಹಕವೇ ಮದ್ದಾದ ಒಂದು ಉದಾಹರಣೆ: ಭೇದಿಯಾದಾಗ ಕುಡಿಸುವ ಓಆರ್‌ಎಸ್. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಂ ಜೊತೆಯಲ್ಲೇ ಹೋಗುತ್ತದೆ, ಅದರ ಹಿಂದೆ ನೀರು. ಕಾಲರಾದಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಕರಗಿಸಿ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು 3.6ಕ್ಕೆ ಇಳಿಯಿತು. ಸೋಡಾ ಬೆರೆತ ಪೊಟ್ಟಣ ತೇವದಲ್ಲಿ ಗಂಟಾಗಿ ಕಂದುತ್ತಿತ್ತು, ಅದಕ್ಕೆ ಆಮೇಲೆ ಸಿಟ್ರೇಟ್ ಬಂತು. 2002ರಿಂದ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಸಿಹಿ ಕಡಿಮೆ ಮಾಡಿದ್ದಕ್ಕೆ ಕಾರಣ, ಹೆಚ್ಚಿದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಪೊಟ್ಟಣ ಒಂದು ಲೀಟರಿನದೋ 200 ಮಿಲಿಯದೋ ಮೊದಲು ನೋಡಿ. ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಅರ್ಧರ್ಧ ಹಾಕಬೇಡಿ, ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ. ಕುದಿಸಿ ಆರಿಸಿದ ನೀರನ್ನು ಅಳೆದು, ಪೊಟ್ಟಣ ಪೂರ್ತಿ ಸುರಿದು, ಚಮಚ ಚಮಚವಾಗಿ ಕುಡಿಸಿ. ಇಪ್ಪತ್ತನಾಲ್ಕು ಗಂಟೆ ಕಳೆದು ಉಳಿದದ್ದನ್ನು ಚೆಲ್ಲಿ ಹೊಸದು ಕದಡಿ.